ಮಗಳು ಕಾಲೇಜಿನವರ ಜೊತೆ ಸ್ಲೊವಾಕಿಯಾದ ರೋಮಾ ಕೇರಿಗಳಿಗೆ ಸೇವೆಗೆ ಹೋಗುತ್ತಾಳಂತೆ, ಕಳಿಸಬಹುದಾ?

ಓಹಾಯೊ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಓಹಾಯೊದಲ್ಲಿ. ಮಗಳು ಇಲ್ಲೇ ಒಂದು ಸಣ್ಣ ಕ್ರೈಸ್ತ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಧರ್ಮ ನೋಡಿ ಸೇರಿಸಿದ್ದಲ್ಲ, ಸ್ಕಾಲರ್‌ಶಿಪ್ ಚೆನ್ನಾಗಿತ್ತು. ಬರುವ ಮೇ ತಿಂಗಳಲ್ಲಿ ಕಾಲೇಜಿನ ಒಂದಷ್ಟು ಮಕ್ಕಳು ಪೂರ್ವ ಸ್ಲೊವಾಕಿಯಾಗೆ ಮಿಷನ್ ಟ್ರಿಪ್ ಹೋಗುತ್ತಿದ್ದಾರೆ. ಅಲ್ಲಿನ ರೋಮಾ ಜನರ (ಜಿಪ್ಸಿ ಅಂತಾರಲ್ಲ, ಅವರ) ಕೇರಿಗಳಲ್ಲಿ ಮಕ್ಕಳಿಗೆ ಆಟ, ಹಾಡು, ಇಂಗ್ಲಿಷ್ ಪಾಠ, ಗೋಡೆಗೆ ಬಣ್ಣ ಹೊಡೆಯೋದು, ಸಂಜೆ ಪ್ರಾರ್ಥನೆ. ಹೋಗಿ ಬರೋದು ಸೇರಿ ಹತ್ತು ದಿನ. ತಲಾ 3,000 ಡಾಲರ್ ಹತ್ತಿರ ಖರ್ಚು. ಅದರಲ್ಲಿ ಅರ್ಧವನ್ನು ಅವಳೇ ಪರಿಚಯದವರಿಗೆ ಪತ್ರ ಬರೆದು ಕೂಡಿಸಬೇಕಂತೆ. ಇಲ್ಲಿ ಅದು ಮಾಮೂಲಿ.

ಯಜಮಾನರು ಬೇಡ ಅನ್ನುತ್ತಾರೆ. ಅತ್ತೆ ಫೋನಿನಲ್ಲಿ "ಅವರು ನಮ್ಮ ಲಂಬಾಣಿಗಳ ಕಡೆಯವರೇ ಅಲ್ವೇನೇ, ಅವರನ್ನ ನೋಡೋಕೆ ಅಷ್ಟು ದೂರ ಯಾಕೆ" ಅಂದರು. ಮಗಳಿಗೆ ಮಾತ್ರ ತುಂಬಾ ಮನಸ್ಸಿದೆ. ಸುಮ್ನೆ ಫೋಟೋ ತೆಗೆಸಿಕೊಂಡು ಬರುವ ಪ್ರವಾಸವಾ, ಇಲ್ಲಾ ಏನಾದರೂ ಪ್ರಯೋಜನ ಇದೆಯಾ? ಆ ಕಡೆ ಇರುವವರು ಯಾರಾದರೂ ಇದ್ದರೆ ಹೇಳಿ.

ನೇರ ಮಾತು

ಕಳಿಸಬೇಡಿ ಅಕ್ಕ. ಹೆಸರಲ್ಲೇ ಮಿಷನ್ ಅಂತ ಇದೆ. ಬಡವರಿಗೆ ಬಿಸ್ಕತ್ತು ಕೊಟ್ಟು ಮತಾಂತರ ಮಾಡುವ ಕೆಲಸಕ್ಕೆ ನಮ್ಮ ಮಗು ಯಾಕೆ ಬೇಕು?

ಬಲ್ಮಠದವನು

ನೇರ ಮಾತು ಅವರೇ, ಸ್ವಲ್ಪ ತಡೆಯಿರಿ. ಸ್ಲೊವಾಕಿಯಾದ ರೋಮಾ ಜನರಲ್ಲಿ ಹೆಚ್ಚಿನವರು ತಲೆತಲಾಂತರದಿಂದ ಕ್ಯಾಥೊಲಿಕ್ಕರು. ರೊಮೇನಿಯಾದಲ್ಲಿ ಆರ್ಥೊಡಾಕ್ಸ್ ಜಾಸ್ತಿ. ಬಾಲ್ಕನ್ ಕಡೆ ಮುಸ್ಲಿಮರೂ ಬೇಕಾದಷ್ಟಿದ್ದಾರೆ. ಯಾವ ದೇಶದಲ್ಲಿ ನೆಲೆಸಿದರೋ ಅಲ್ಲಿನ ಧರ್ಮ ಹಿಡಿದಿದ್ದಾರೆ. ಹಾಗಾದರೆ ಕ್ರೈಸ್ತರನ್ನೇ ಕ್ರೈಸ್ತರನ್ನಾಗಿ ಮಾಡೋಕೆ ಯಾರಾದರೂ ಹೋಗುತ್ತಾರಾ ಅಂತ ನಗಬೇಡಿ, ಹೋಗುತ್ತಾರೆ. ಪೆಂಟೆಕೋಸ್ಟಲ್ ಎಂಬ ಕ್ರೈಸ್ತ ಪಂಗಡದ ಸಭೆಗಳು ರೋಮಾ ಜನರ ನಡುವೆ ಜೋರಾಗಿ ಬೆಳೆಯುತ್ತಿವೆ. ಆದರೆ ಅದನ್ನು ಬೆಳೆಸುತ್ತಿರುವವರು ಬಹುಮಟ್ಟಿಗೆ ರೋಮಾ ಪಾಸ್ಟರುಗಳೇ. ಫ್ರಾನ್ಸಿನಲ್ಲಿ 1950ರ ದಶಕದಲ್ಲಿ ಕ್ಲೆಮಾಂ ಲ ಕೊಸೆಕ್ ಎಂಬ ಪಾಸ್ಟರ್ ಅವರ ನಡುವೆಯೇ ಬೋಧಕರನ್ನು ತಯಾರು ಮಾಡಿದರು. ಹಾಗಾಗಿ ಅದು ಅವರದೇ ಚಳವಳಿ ಆಯಿತು. ಹತ್ತು ದಿನಕ್ಕೆ ಬರುವ ಕಾಲೇಜು ಮಕ್ಕಳಿಂದ ಯಾರ ಧರ್ಮವೂ ಬದಲಾಗೋದಿಲ್ಲ.

ನನ್ನ ತಕರಾರು ಬೇರೆ. ನಾನು ಮಂಗಳೂರಿನವನು, ಬಾಸೆಲ್ ಮಿಷನ್ ಸಭೆಯಲ್ಲಿ ಬೆಳೆದವನು. ಮಿಷನ್ ಮಂಗಳೂರಿಗೆ ಬಂದಿದ್ದು 1834ರಲ್ಲಿ. ಕಿಟೆಲ್ 1853ರಲ್ಲಿ ಬಂದರು, ಅವರ ನಿಘಂಟು ಅಚ್ಚಾಗಿದ್ದು 1894ರಲ್ಲಿ. ಅವರ ಧರ್ಮಪ್ರಚಾರದ ಬಗ್ಗೆ ಏನು ಬೇಕಾದರೂ ಹೇಳಿ, ಜನರ ಮಾತು ಕಲಿಯದೆ ಅವರಿಗೆ ಸೇವೆ ಮಾಡುತ್ತೇವೆ ಅಂತ ಅವರು ಹೊರಡಲಿಲ್ಲ. ಈಗಿನ ಟ್ರಿಪ್‌ಗಳಲ್ಲಿ ನನಗೆ ಕಾಡುವುದು ಅದೇ. ರೋಮಾ ಜನರ ಭಾಷೆ ರೋಮಾನಿಯೂ ಬಾರದು, ಸ್ಲೊವಾಕೂ ಬಾರದು. ಮಕ್ಕಳ ಜೊತೆ ಏನು ಮಾತಾಡುತ್ತಾರೆ?

ಲೆಕ್ಕದ ಮೇಷ್ಟ್ರು

ದುಡ್ಡಿನ ಲೆಕ್ಕ ನಾನು ಹೇಳುತ್ತೇನೆ. 1998ರಲ್ಲಿ ಮಿಚ್ ಚಂಡಮಾರುತ ಹೊಂಡುರಾಸ್ ದೇಶವನ್ನು ಹಾಳುಗೆಡವಿತು. ಅಮೆರಿಕದ ಚರ್ಚುಗಳ ತಂಡಗಳು ಹೋಗಿ ಮನೆ ಕಟ್ಟಿದವು. ಕರ್ಟ್ ವೆರ್ ಬೇಕ್ ಎಂಬ ಸಮಾಜಶಾಸ್ತ್ರಜ್ಞರು ಆಮೇಲೆ ಅದರ ಅಧ್ಯಯನ ಮಾಡಿದರು. ಅವರೂ ಕ್ರೈಸ್ತ ಕಾಲೇಜಿನ ಪ್ರೊಫೆಸರೇ. ಸ್ಥಳೀಯ ಸಂಸ್ಥೆ ಕಟ್ಟಿಸಿದ ಮನೆಗೆ ಸುಮಾರು 2,000 ಡಾಲರ್. ಅಮೆರಿಕದ ತಂಡ ಬಂದು ಕಟ್ಟಿದರೆ ವಿಮಾನ, ಊಟ, ವಸತಿ ಎಲ್ಲಾ ಸೇರಿ ಒಂದು ಮನೆಗೆ 30,000 ಡಾಲರ್. ಮನೆಯಲ್ಲಿ ಇರುವವರನ್ನು ಕೇಳಿದರೆ ಯಾರು ಕಟ್ಟಿದರು ಅನ್ನುವುದರಿಂದ ಅವರ ಬದುಕಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಆಗಿರಲಿಲ್ಲ. ಹೋಗಿಬಂದವರಲ್ಲೂ ಬಹಳ ದಿನ ಉಳಿಯುವ ಬದಲಾವಣೆ ಹೆಚ್ಚೇನೂ ಕಾಣಲಿಲ್ಲ.

ಇದು ಸಣ್ಣ ವ್ಯವಹಾರ ಅಲ್ಲ ಮೇಡಂ. 2005ರ ಹೊತ್ತಿಗೇ ವರ್ಷಕ್ಕೆ ಸುಮಾರು 16 ಲಕ್ಷ ಅಮೆರಿಕನ್ ಚರ್ಚ್ ಸದಸ್ಯರು ಇಂಥ ಟ್ರಿಪ್‌ಗೆ ಹೊರದೇಶಕ್ಕೆ ಹೋಗುತ್ತಿದ್ದರು ಎಂಬ ಅಂದಾಜಿದೆ. ನಿಮ್ಮ ಮಗಳ 3,000 ಡಾಲರ್‌ನಲ್ಲಿ ಕೇರಿಗೆ ಸೇರುವುದೆಷ್ಟು, ವಿಮಾನ ಕಂಪನಿಗೆ ಸೇರುವುದೆಷ್ಟು ಅಂತ ಕೇಳಿ ನೋಡಿ.

ಕೊಶಿತ್ಸೆ ಕನ್ನಡಿಗ

ಮೇಡಂ, ನಾನು ಸಾಫ್ಟ್‌ವೇರ್ ಕೆಲಸಕ್ಕೆ ಬಂದು ಕೊಶಿತ್ಸೆಯಲ್ಲೇ ಉಳಿದುಕೊಂಡವನು. ಪೂರ್ವ ಸ್ಲೊವಾಕಿಯಾದ ದೊಡ್ಡ ಊರು ಇದು. ನಿಮ್ಮ ಮಗಳ ತಂಡ ಬಹುಶಃ ಇಲ್ಲಿಗೇ ಬಂದಿಳಿಯುತ್ತೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಸ್ಲೊವಾಕಿಯಾದ ಜನಸಂಖ್ಯೆ 54 ಲಕ್ಷ. ಅದರಲ್ಲಿ ಸುಮಾರು 4 ಲಕ್ಷ ರೋಮಾ ಇದ್ದಾರೆ ಅಂತ ಅಂದಾಜು. ಜನಗಣತಿಯಲ್ಲಿ ಅಷ್ಟು ಜನ ಹೇಳಿಕೊಳ್ಳುವುದಿಲ್ಲ, ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಎಲ್ಲರೂ ಕೇರಿಯಲ್ಲಿಲ್ಲ. ಪಟ್ಟಣಗಳಲ್ಲಿ ಎಲ್ಲರ ನಡುವೆ ಇದ್ದು ಟೀಚರ್, ಡ್ರೈವರ್, ನರ್ಸ್ ಆಗಿರುವವರೂ ಇದ್ದಾರೆ. ಆದರೆ ಮಿಷನ್ ತಂಡಗಳು ಹೋಗುವುದು ಒಸಾದಾ ಅಂತ ಕರೆಯುವ ಕೇರಿಗಳಿಗೆ. ಡಾಂಬರು ರಸ್ತೆ ಊರಿನ ಕೊನೇ ಮನೆಯವರೆಗೆ ಇರುತ್ತೆ, ಆಮೇಲೆ ಕೆಸರು. ಹಳ್ಳ ದಾಟಿದರೆ ಮರ, ತಗಡು, ಇಟ್ಟಿಗೆ ಸೇರಿಸಿ ಕಟ್ಟಿದ ಮನೆಗಳು. ಕೆಲವು ಕಡೆ ಇಡೀ ಕೇರಿಗೆ ಒಂದೇ ಕೊಳಾಯಿ. ಕಾಲಕೆಳಗಿನ ಜಾಗಕ್ಕೆ ಹಕ್ಕುಪತ್ರ ಇಲ್ಲ. ಹಕ್ಕುಪತ್ರ ಇಲ್ಲದೆ ಮನೆಗೆ ಪರವಾನಗಿ ಇಲ್ಲ, ಪರವಾನಗಿ ಇಲ್ಲದೆ ನೀರಿನ ಕನೆಕ್ಷನ್ ಇಲ್ಲ. ನಮ್ಮ ಕಡೆಯ ಗೋಮಾಳದ ಗುಡಿಸಲುಗಳ ಕಥೆಯೇ. ಯಾರೊವ್ನಿತ್ಸೆ ಎಂಬ ಊರಲ್ಲಿ 1998ರ ಜುಲೈನಲ್ಲಿ ಹಳ್ಳ ಉಕ್ಕಿ ಹರಿದಾಗ ಸತ್ತವರಲ್ಲಿ ಹೆಚ್ಚಿನವರು ರೋಮಾ. ತಗ್ಗಿನ ಜಾಗ ಅವರ ಪಾಲಿಗೆ ಬಂದಿತ್ತು, ಅದಕ್ಕೆ.

ಕಮ್ಯುನಿಸ್ಟ್ ಕಾಲದಲ್ಲಿ ಗಂಡಸರಿಗೆ ಕಟ್ಟಡದ ಕೆಲಸ, ಕಾರ್ಖಾನೆ ಕೆಲಸ ಇತ್ತು. 1989ರ ನಂತರ ಕಾರ್ಖಾನೆಗಳು ಮುಚ್ಚಿದಾಗ ಮೊದಲು ಹೊರಗೆ ಹೋದವರು ಇವರೇ. ಈಗ ಅಜ್ಜ ದುಡಿದಿದ್ದ, ಅಪ್ಪನಿಗೆ ಕೆಲಸ ಸಿಗಲಿಲ್ಲ, ಮಗನಿಗೆ ಕೆಲಸಕ್ಕೆ ಹೋಗುವವರನ್ನು ನೋಡಿಯೇ ಗೊತ್ತಿಲ್ಲ ಅನ್ನುವ ಮನೆಗಳಿವೆ.

ಶಾಲೆಯದು ದೊಡ್ಡ ಗಾಯ. ಮಗು ಮನೆಯಲ್ಲಿ ರೋಮಾನಿ ಮಾತಾಡುತ್ತೆ, ಶಾಲೆಯಲ್ಲಿ ಸ್ಲೊವಾಕ್. ಪರೀಕ್ಷೆಯಲ್ಲಿ ತಡವರಿಸಿದರೆ ಬುದ್ಧಿಮಾಂದ್ಯ ಮಕ್ಕಳ ಶಾಲೆಗೆ ಹಾಕಿಬಿಡುತ್ತಾರೆ. ಪಕ್ಕದ ಚೆಕ್ ದೇಶದ ಒಸ್ತ್ರಾವಾದ 18 ಮಕ್ಕಳ ಪರವಾಗಿ ಇದೇ ವಿಷಯ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಿ 2007ರಲ್ಲಿ ಅವರು ಗೆದ್ದರು. ಸ್ಲೊವಾಕಿಯಾವನ್ನು ಇದೇ ಕಾರಣಕ್ಕೆ 2023ರಲ್ಲಿ ಯುರೋಪಿಯನ್ ಕಮಿಷನ್ ಕೋರ್ಟಿಗೆ ಎಳೆಯಿತು. ಕಾಯಿದೆ ಗೆದ್ದರೂ ತರಗತಿ ಬದಲಾಗೋಕೆ ಕಾಲ ಬೇಕು.

ಇನ್ನು ತಂಡಗಳ ವಿಷಯ. ಬೇಸಿಗೆಯಲ್ಲಿ ಬಣ್ಣಬಣ್ಣದ ಟೀ ಶರ್ಟ್ ಹಾಕಿಕೊಂಡು ಬರುತ್ತಾರೆ. ಬಲೂನು, ಮುಖಕ್ಕೆ ಬಣ್ಣ, ಫುಟ್‌ಬಾಲ್, ಗಿಟಾರ್. ಮಕ್ಕಳು ಮೈಮೇಲೆ ಹತ್ತಿ ಕೂರುತ್ತವೆ. ಖುಷಿ ಸುಳ್ಳಲ್ಲ. ಒಳ್ಳೇ ಟೀಮ್‌ಗೂ ಕೆಟ್ಟ ಟೀಮ್‌ಗೂ ನನಗೆ ಕಾಣುವ ವ್ಯತ್ಯಾಸ ಒಂದೇ: ಅವರನ್ನು ಕರೆದವರು ಯಾರು. ವರ್ಷಪೂರ್ತಿ ಅಲ್ಲೇ ಇರುವವರು ಕರೆದಿದ್ದರೆ, ಟೀಮ್ ಹೋದ ಮೇಲೂ ಪಾಠ ನಡೆಯುತ್ತೆ. ನಮ್ಮೂರಿನ ಲುನೀಕ್ 9 ಎಂಬ ರೋಮಾ ಬಡಾವಣೆಯನ್ನೇ ನೋಡಿ, 2021ರ ಸೆಪ್ಟೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಅಲ್ಲಿಗೆ ಬಂದರು. ಟಿವಿಯವರು ಅವತ್ತು ಬಂದರು. ಸಲೇಶಿಯನ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು ಅಲ್ಲಿ 2008ರಿಂದ ಇದ್ದಾರೆ, ಜನವರಿಯ ಹಿಮದಲ್ಲೂ.

ಕಾಲೇಜಿನವರು ಏಜೆನ್ಸಿ ಮೂಲಕ ಬಸ್ ಬುಕ್ ಮಾಡಿ, ದಿನಕ್ಕೊಂದು ಕೇರಿ ತೋರಿಸಿಕೊಂಡು ಹೋಗುವುದಾದರೆ ಕಳಿಸಬೇಡಿ.

ಓಹಾಯೊ ಅಮ್ಮ

ತುಂಬಾ ಥ್ಯಾಂಕ್ಸ್ ಸರ್. ಕರೆದವರು ಯಾರು ಅಂತ ನಾನು ಕೇಳಿಯೇ ಇರಲಿಲ್ಲ, ನಾಳೆ ಕೇಳುತ್ತೇನೆ. ಲಂಬಾಣಿ ಅಂದಿದ್ದರಲ್ಲ ಅತ್ತೆ, ಅದು ನಿಜವಾ?

ತಾಂಡಾ ಹುಡುಗ

ನಾನು ಲಂಬಾಣಿ, ವಿಜಯಪುರ ಜಿಲ್ಲೆಯವನು. ರೋಮಾ ಜನರ ಮಾತೂ ನಮ್ಮ ಗೋರ್ ಬೋಲಿಯೂ ಉತ್ತರ ಭಾರತದ ಕಡೆಯ ಭಾಷೆಗಳ ಗುಂಪಿಗೆ ಸೇರುತ್ತವೆ. ಅಷ್ಟಕ್ಕೇ ಇಬ್ಬರೂ ಒಂದೇ ಅನ್ನೋಕೆ ಆಧಾರ ಇಲ್ಲ. ಲಂಗದ ಮೇಲೆ ಕನ್ನಡಿ ಕಂಡರೆ ಸಾಕು, ಎಲ್ಲರಿಗೂ ಎಲ್ಲರೂ ನೆಂಟರಾಗಿಬಿಡುತ್ತಾರೆ.

ಹೋಲಿಕೆ ಬೇರೆ ಕಡೆ ಇದೆ ಅಕ್ಕ. ಬ್ರಿಟಿಷರು 1871ರಲ್ಲಿ ಕಾಯಿದೆ ಮಾಡಿ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರು ಅಂತ ಪಟ್ಟಿ ಮಾಡಿದರು. ಆ ಪಟ್ಟಿ ಹೋಗಿದ್ದು 1952ರಲ್ಲಿ. ಊರಿನವರ ಕಣ್ಣಿನಿಂದ ಹೋಯಿತಾ? ಹಳ್ಳಿಯಲ್ಲಿ ಮೇಕೆ ಕಳೆದರೆ ಮೊದಲು ಯಾರ ತಾಂಡಾಕ್ಕೆ ಬರುತ್ತಾರೆ ಅಂತ ನಮಗೆ ಗೊತ್ತು. ಕೊಶಿತ್ಸೆ ಅಣ್ಣ ಹೇಳಿದ್ದನ್ನು ಓದುವಾಗ ಅದೇ ನೆನಪಾಯಿತು.

ಸೇವೆಗೆ ಬರುವವರನ್ನೂ ನೋಡಿದ್ದೇವೆ. ನಮ್ಮ ತಾಂಡಾದಲ್ಲಿ ಒಂದು ಕಾಲೇಜಿನವರು ಎನ್ನೆಸ್ಸೆಸ್ ಕ್ಯಾಂಪ್ ಹಾಕಿದ್ದರು. ಚರಂಡಿ ತೋಡಿದರು, ಜಾಥಾ ಮಾಡಿದರು. ಕೊನೇ ದಿನ ನಮ್ಮ ಅಜ್ಜಿಗೆ ಲಂಬಾಣಿ ಉಡುಪು ಪೇಟಿಯಾ ಕಾಂಚಳಿ ಹಾಕಿಸಿ ಕುಣಿಯಲು ಹೇಳಿದರು. ಅಜ್ಜಿ ಅವತ್ತು ಕಬ್ಬು ಕಡಿಯೋಕೆ ಹೋದ ಮಗನಿಗೆ ಫೋನ್ ಮಾಡಿಸಿಕೊಳ್ಳೋಕೆ ಕಾಯುತ್ತಿದ್ದಳು. ಕುಣಿದಳು, ಯಾಕೆಂದರೆ ಬಂದವರಿಗೆ ಬೇಡ ಅನ್ನೋದು ನಮ್ಮಲ್ಲಿ ರೂಢಿಯಿಲ್ಲ. ಆ ಚರಂಡಿ ಮುಂದಿನ ಮಳೆಗೆ ಮುಚ್ಚಿಹೋಯಿತು. ಆದರೆ ಆ ಕ್ಯಾಂಪಿಗೆ ಬಂದಿದ್ದ ಒಬ್ಬ ಲೆಕ್ಚರರ್ ಮಾತ್ರ ಪ್ರತಿ ವರ್ಷ ತಪ್ಪದೆ ಬಂದು ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಅರ್ಜಿ ತುಂಬಿಸಿ, ಪರೀಕ್ಷೆಗೆ ತಯಾರಿ ಮಾಡಿಸುತ್ತಿದ್ದರು. ನಾನು ಓದಿದ್ದು ಹಾಗೆ. ಒಂದೇ ಕ್ಯಾಂಪಿನಿಂದ ಎರಡೂ ಬಂದವು.

ಜೈ ಭಾರತ್ 76

ರೋಮಾ ನಮ್ಮ ಕಳೆದುಹೋದ ಅಣ್ಣತಮ್ಮಂದಿರು! ಅವರ ಬಾವುಟದಲ್ಲಿ ನಮ್ಮ ಚಕ್ರ ಇದೆ. ಭಾರತ ಸರ್ಕಾರ ಎಲ್ಲರನ್ನೂ ವಾಪಸ್ ಕರೆಸಿಕೊಳ್ಳಬೇಕು.

ಕೊಶಿತ್ಸೆ ಕನ್ನಡಿಗ

ಬಾವುಟದ ಮಾತು ನಿಜ. 1971ರ ಏಪ್ರಿಲ್ 8ರಂದು ಲಂಡನ್ ಹತ್ತಿರ ಮೊದಲ ವಿಶ್ವ ರೋಮಾನಿ ಕಾಂಗ್ರೆಸ್ ನಡೆಯಿತು. ನೀಲಿ, ಹಸಿರು, ನಡುವೆ ಕೆಂಪು ಚಕ್ರದ ಬಾವುಟವನ್ನು ಅಲ್ಲಿ ಒಪ್ಪಿಕೊಂಡರು. ಈಗ ಏಪ್ರಿಲ್ 8 ಅಂದರೆ ಅಂತರರಾಷ್ಟ್ರೀಯ ರೋಮಾ ದಿನ. 1976ರಲ್ಲಿ ಚಂಡೀಗಢದಲ್ಲಿ ರೋಮಾ ಉತ್ಸವವೂ ಆಯಿತು. ಡಬ್ಲ್ಯೂ. ಆರ್. ರಿಷಿ ಎಂಬುವರು ಅಲ್ಲಿ ರೋಮಾ ಅಧ್ಯಯನ ಸಂಸ್ಥೆ ನಡೆಸುತ್ತಿದ್ದರು.

ಆದರೆ "ವಾಪಸ್" ಅನ್ನುವ ಮಾತು ಇಲ್ಲಿನ ರೋಮಾ ಕಿವಿಗೆ ಹೇಗೆ ಬೀಳುತ್ತೆ ಗೊತ್ತಾ? ಅವರನ್ನು ದ್ವೇಷಿಸುವವರು ಗೋಡೆ ಮೇಲೆ ಬರೆಯೋದೂ ಅದನ್ನೇ, ಭಾರತಕ್ಕೆ ಹೋಗಿ ಅಂತ. ಅವರ ಹಿರಿಯರು ಭಾರತ ಬಿಟ್ಟು ಸಾವಿರ ವರ್ಷವಾದರೂ ಆಗಿದೆ. ಅವರು ಕೇಳುತ್ತಿರುವುದು ಹುಟ್ಟಿದ ಊರಲ್ಲೇ ನೀರು, ಶಾಲೆ, ಮರ್ಯಾದೆ.

ಇನ್ನೊಂದು, ಟ್ರಿಪ್‌ಗೆ ಹೋಗುವ ಮಕ್ಕಳು "ಜಿಪ್ಸಿ" ಅನ್ನಬಾರದು. ಇಲ್ಲಿನ "ಸಿಗಾನ್" ಅಂತೂ ಬೈಗುಳವೇ.

ಇಂಡಾಲಜಿ ಓದಿದವಳು

ವಿದ್ಯಾರ್ಥಿಗಳು ಹೋಗೋದೇ ತಪ್ಪು ಅನ್ನುವವರಿಗೆ ಒಂದು ಕಥೆ ಹೇಳಬೇಕು. ಮಿಲೆನಾ ಹ್ಯೂಬ್ಶ್‌ಮನೊವಾ ಅಂತ ಪ್ರಾಗ್‌ನಲ್ಲಿ ಹಿಂದಿ, ಬಂಗಾಳಿ, ಉರ್ದು ಓದುತ್ತಿದ್ದ ಹುಡುಗಿ. 1953ರಲ್ಲಿ ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ಕೂಲಿ ಕೆಲಸಕ್ಕೆ ಕಳಿಸುತ್ತಿದ್ದರು, ಈಕೆಯನ್ನು ಒಸ್ತ್ರಾವಾಕ್ಕೆ ಕಳಿಸಿದರು. ಅಲ್ಲಿ ರೋಮಾ ಕೂಲಿಗಳು ಮಾತಾಡುವುದು ಕಿವಿಗೆ ಬಿತ್ತು. ಅರೆ, ಅರ್ಥವಾಗುತ್ತಿದೆಯಲ್ಲ! ನೀರಿಗೆ ಪಾನಿ, ಮೂಗಿಗೆ ನಾಕ್. ಅವತ್ತಿನಿಂದ ಆಕೆ ಆ ಜನರನ್ನು ಬಿಡಲಿಲ್ಲ. ಕೇರಿಗಳಲ್ಲಿ ಕೂತು ಭಾಷೆ ಕಲಿತರು, ಅಜ್ಜಿಯರ ಕಥೆ ಬರೆದುಕೊಂಡರು. ಓದು ಬಾರದು ಅಂತ ಸರ್ಕಾರ ತಿಳಿದಿದ್ದ ಜನರಿಂದ ಅವರ ಭಾಷೆಯಲ್ಲೇ ಬರೆಸಿದರು. 1991ರಲ್ಲಿ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ ರೋಮಾನಿ ಅಧ್ಯಯನ ಶುರು ಮಾಡಿದ್ದು ಇವರೇ. 2005ರಲ್ಲಿ ತೀರಿಕೊಂಡರು.

ಆಕೆ ಯಾರನ್ನೂ ಉದ್ಧಾರ ಮಾಡೋಕೆ ಹೋಗಿರಲಿಲ್ಲ, ಅವರ ಪಕ್ಕದಲ್ಲೇ ಕೂಲಿ ಮಾಡೋಕೆ ಹೋಗಿದ್ದು. 1968ರಲ್ಲಿ ಇವಾನ್ ಇಲ್ಲಿಚ್ ಎಂಬ ಚಿಂತಕರು ಮೆಕ್ಸಿಕೊಗೆ ಸೇವೆಗೆ ಬಂದ ಅಮೆರಿಕದ ವಿದ್ಯಾರ್ಥಿಗಳಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೂ ಇದನ್ನೇ: ನೋಡೋಕೆ ಬನ್ನಿ, ಓದೋಕೆ ಬನ್ನಿ, ಸಹಾಯ ಮಾಡೋಕೆ ಮಾತ್ರ ಬರಬೇಡಿ. ಅವರೂ ಪಾದ್ರಿಯೇ.

ಮಗಳು ಹೋಗುವುದೇ ಆದರೆ ಮೊದಲು ಇತಿಹಾಸ ಓದಲಿ. ಈಗಿನ ರೊಮೇನಿಯಾದ ಪ್ರಾಂತ್ಯಗಳಲ್ಲಿ ರೋಮಾ ಜನ 1850ರ ದಶಕದವರೆಗೆ ಗುಲಾಮರಾಗಿದ್ದರು. ಮಠಗಳೂ ಅವರನ್ನು ಇಟ್ಟುಕೊಂಡಿದ್ದವು, ಚರ್ಚಿನ ಹೆಸರಲ್ಲಿ ಹೋಗುವವರಿಗೆ ಇದು ಗೊತ್ತಿರಲಿ. 1944ರ ಆಗಸ್ಟ್ 2ರ ರಾತ್ರಿ ನಾಜಿಗಳು ಆಶ್‌ವಿಟ್ಸ್‌ನಲ್ಲಿ ರೋಮಾ ಕುಟುಂಬಗಳ ಶಿಬಿರವನ್ನೇ ಖಾಲಿ ಮಾಡಿ ಸಾವಿರಾರು ಜನರನ್ನು ಗ್ಯಾಸ್‌ಗೆ ಹಾಕಿದರು. ಚೆಕ್ ದೇಶದ ಲೆಟಿಯಲ್ಲಿ ರೋಮಾ ಜನರನ್ನು ಕೂಡಿಹಾಕಿದ್ದ ಒಂದು ಶಿಬಿರದ ಜಾಗದಲ್ಲಿ ಆಮೇಲೆ ಹಂದಿ ಸಾಕಣೆ ಕೇಂದ್ರ ಕಟ್ಟಿದ್ದರು. ಅದನ್ನು ಕೆಡವಿದ್ದು 2022ರಲ್ಲಿ! ಹೆಂಗಸರನ್ನು ಒಪ್ಪಿಗೆ ಇಲ್ಲದೆ ಸಂತಾನಹರಣ ಚಿಕಿತ್ಸೆಗೆ ಒಳಪಡಿಸಿದ್ದಕ್ಕೆ ಚೆಕ್ ಸಂಸತ್ತು ಪರಿಹಾರದ ಕಾಯಿದೆ ಮಾಡಿದ್ದು 2021ರಲ್ಲಿ. ಕೇರಿಯ ಅಜ್ಜಿ ನರ್ಸನ್ನು ಕಂಡರೆ ಬಾಗಿಲು ಹಾಕಿಕೊಂಡರೆ ಅದಕ್ಕೆ ಕಾರಣ ಇದೆ.

ಡ್ಯಾನ್ಯೂಬ್ ದಂಡೆ

ಹಂಗೇರಿಯಿಂದ ನಾನು. ಎಲ್ಲರೂ ಹೊರಗಿನವರು ಬಂದು ಮಾಡುವ ಸೇವೆಯನ್ನೇ ಮಾತಾಡುತ್ತಿದ್ದೀರಿ. ಇಲ್ಲಿ ರೋಮಾ ಜನ ನಮ್ಮ ಭಾರತದಿಂದಲೇ ಎರಡು ಹೆಸರು ತೆಗೆದುಕೊಂಡಿದ್ದಾರೆ. ಪೇಚ್ ಎಂಬ ಊರಲ್ಲಿ 1994ರಲ್ಲಿ ಶುರುವಾದ ಗಾಂಧಿ ಗಿಮ್ನಾಜಿಯಂ ಇದೆ. ರೋಮಾ ಮಕ್ಕಳು ಕಾಲೇಜಿಗೆ ಹೋಗುವ ಅರ್ಹತಾ ಪರೀಕ್ಷೆಯವರೆಗೆ ಓದುವ ಶಾಲೆ ಅದು. ಅವರ ಭಾಷೆಗಳನ್ನೂ ಕಲಿಸುತ್ತಾರೆ. ಇನ್ನೊಂದು ಶಾಯೊಕಾಜಾ ಅಂತ ಗಣಿ ಮುಚ್ಚಿ ಬಡವಾದ ಹಳ್ಳಿ. ಅಲ್ಲಿ ಶುರುವಾದ ಶಾಲೆಯ ಹೆಸರು ಡಾ. ಅಂಬೇಡ್ಕರ್! ತಿಬೋರ್ ದೆರ್ದಾಕ್, ಯಾನೊಶ್ ಓರ್ಶೋಶ್ ಎಂಬಿಬ್ಬರು ಅಂಬೇಡ್ಕರ್‌ರನ್ನು ಓದಿ, ಇದು ರೋಮಾ ಜನರದೇ ಕಥೆ ಅಂದುಕೊಂಡು ಮಹಾರಾಷ್ಟ್ರಕ್ಕೆ ಹೋಗಿ ನೋಡಿಬಂದರು. ಬೌದ್ಧರಾದರು. ಹಂಗೇರಿಯ ಹಳ್ಳಿಯಲ್ಲಿ "ಜೈ ಭೀಮ್" ಕೇಳಿದರೆ ಮೈ ಜುಂ ಅನ್ನುತ್ತೆ.

ತಾಂಡಾ ಹುಡುಗನ ಮಾತು ಓದಿದಾಗ ಅನ್ನಿಸಿತು, ಅವರಿಗೆ ಕೇಳೋಕೆ ಕುತೂಹಲ ಇರುವುದು ನಿಮ್ಮ ಕಥೆ ತಮ್ಮಾ.

ತಾಂಡಾ ಹುಡುಗ

ಟಿಕೆಟ್ ತೆಗೆಸಿ ಅಣ್ಣಾ, ನಾಳೆನೇ ಬರುತ್ತೇನೆ 😄

ಓಹಾಯೊ ಅಮ್ಮ

ಕಾಲೇಜಿನ ಮೇಡಂ ಜೊತೆ ಮಾತಾಡಿದೆ. ಕರೆದಿರುವುದು ಪ್ರೆಶೊವ್ ಕಡೆಯ ಒಂದು ರೋಮಾ ಸಭೆ, ಪಾಸ್ಟರೂ ರೋಮಾ. ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಪಾಠ ಹೇಳಿಕೊಡುವ ಕೆಲಸ ಅಲ್ಲಿ ವರ್ಷವಿಡೀ ನಡೆಯುತ್ತೆ, ನಡೆಸುವವರು ಅದೇ ಕೇರಿಯ ಹೆಂಗಸು. ಕಾಲೇಜಿನವರು ಪ್ರತಿ ವರ್ಷ ಅಲ್ಲಿಗೇ ಹೋಗುತ್ತಾರಂತೆ. ಗೋಡೆಗೆ ಬಣ್ಣ ಯಾಕೆ, ಅಲ್ಲಿ ಕೆಲಸವಿಲ್ಲದ ಗಂಡಸರಿಲ್ಲವಾ ಅಂತ ಕೇಳಿದೆ. ಆ ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, ಪಾಸ್ಟರನ್ನು ಕೇಳುತ್ತೇವೆ ಅಂದರು. ಆಮೇಲೆ ಬಣ್ಣದ ಕೆಲಸ ತೆಗೆದರು. ಕೇರಿಯವರಿಗೇ ಕೂಲಿ ಕೊಟ್ಟು ಮಾಡಿಸುತ್ತಾರಂತೆ.

ಯಜಮಾನರು ಒಪ್ಪಿದ್ದಾರೆ. ಕಳಿಸುತ್ತೇವೆ.

ಲೆಕ್ಕದ ಮೇಷ್ಟ್ರು

ಭಲೇ ಮೇಡಂ. ಬಣ್ಣದ ಪ್ರಶ್ನೆಗೆ ನೂರಕ್ಕೆ ನೂರು.

ಓಹಾಯೊ ಅಮ್ಮ

ಮಗಳು ಬಂದು ಒಂದು ವಾರವಾಯಿತು. ಕೇಳಿದವರಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಫೋನುಗಳನ್ನು ಬೆಳಿಗ್ಗೆಯೇ ಒಂದು ಡಬ್ಬಕ್ಕೆ ಹಾಕಿಸಿಕೊಳ್ಳುತ್ತಿದ್ದರಂತೆ. ಇವರ ಇಂಗ್ಲಿಷ್ ಪಾಠ ಅಷ್ಟಕ್ಕಷ್ಟೇ. ಲೆಕ್ಕ ಹೇಳಿಕೊಡುವಾಗ ಪುಟ್ಟ ಹುಡುಗಿಯೊಬ್ಬಳು ಇವಳಿಗೇ ಯೆಕ್, ದುಯ್, ತ್ರಿನ್ ಕಲಿಸಿದಳಂತೆ. ಹೆಚ್ಚು ಹೊತ್ತು ಕಳೆದಿದ್ದು ಅಡುಗೆ ಮನೆಯಲ್ಲಿ, ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ. ಕೈ ತೊಳೆಯೋಕೆ ಅಂತ ಪಾತ್ರೆ ತೊಳೆಯುವ ಬೋಗುಣಿಗೆ ಕೈ ಹಾಕಿದ ಒಬ್ಬ ಹುಡುಗನಿಗೆ ಅಲ್ಲಿನ ಅಜ್ಜಿ ಸರಿಯಾಗಿ ಬೈದರಂತೆ. ನಮ್ಮತ್ತೆ ಇದನ್ನು ಕೇಳಿ "ಒಳ್ಳೇ ಮನೆತನ" ಅಂದುಬಿಟ್ಟರು.

ಇನ್ನೊಂದು ವಿಷಯ ಅವಳು ಮೊದಲ ದಿನ ಹೇಳಲಿಲ್ಲ. ಒಂದು ಸಂಜೆ ಪಟ್ಟಣದ ಸೂಪರ್ ಮಾರ್ಕೆಟ್ಟಿಗೆ ತಂಡದವರೆಲ್ಲ ಹೋಗಿದ್ದಾರೆ. ಸೆಕ್ಯುರಿಟಿಯವನು ಇವಳೊಬ್ಬಳ ಹಿಂದೆಯೇ ಸಾಲಿನಿಂದ ಸಾಲಿಗೆ ಬಂದಿದ್ದಾನೆ. ಬ್ಯಾಗ್ ತೆಗೆದು ತೋರಿಸು ಅಂದಿದ್ದಾನೆ. ಇವಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ ತಕ್ಷಣ ಸಾರಿ ಸಾರಿ ಅಂತ ಹಿಂದೆ ಸರಿದನಂತೆ. ಬಿಳಿ ಹುಡುಗಿಯರು ಯಾರಿಗೂ ಏನೂ ಆಗಿರಲಿಲ್ಲ. "ಅಮ್ಮಾ, ನನಗೆ ಇಂಗ್ಲಿಷ್ ಇತ್ತು. ಆ ಮಕ್ಕಳಿಗೆ?" ಅಂದಳು. ತಂಡದವರು ಆ ರಾತ್ರಿ ಪ್ರಾರ್ಥನೆ ಬಿಟ್ಟು ಇದನ್ನೇ ಮಾತಾಡಿದರಂತೆ.

ಅವಳು ಈಗ ಸ್ಲೊವಾಕ್ ಕಲಿಯುವ ಆ್ಯಪ್ ಹಾಕಿಕೊಂಡಿದ್ದಾಳೆ. ಎಷ್ಟು ದಿನ ನಡೆಯುತ್ತೋ ನೋಡಬೇಕು. ಪತ್ರ ಬರೆದು ಕೂಡಿಸಿದ್ದರಲ್ಲಿ ಉಳಿದ ದುಡ್ಡು ಪಾಠ ಹೇಳುವ ಆ ಹೆಂಗಸಿನ ಸಂಬಳಕ್ಕೆ ಹೋಯಿತು.

ಧಾರವಾಡದಿಂದ

ಚೆನ್ನಾಗಿದೆ. ನಮ್ಮ ಹುಡುಗ ಜರ್ಮನಿಯಲ್ಲಿ ಎಂ.ಎಸ್. ಮಾಡುತ್ತಿದ್ದಾನೆ, ಭಾರತದ ಪಾಸ್‌ಪೋರ್ಟ್. ಸ್ಲೊವಾಕಿಯಾಗೆ ಹೋಗಬೇಕಾದರೆ ಬೇರೆ ವೀಸಾ ಬೇಕಾ?

ಕೊಶಿತ್ಸೆ ಕನ್ನಡಿಗ

ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಇದ್ದರೆ ಬೇಡ ಸರ್. ಸ್ಲೊವಾಕಿಯಾ 2007ರಿಂದ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಾದ ಷೆಂಗೆನ್‌ನಲ್ಲಿದೆ. 180 ದಿನಗಳಲ್ಲಿ 90 ದಿನದವರೆಗೆ ಬಂದು ಇರಬಹುದು, ಪಾಸ್‌ಪೋರ್ಟ್ ಮತ್ತು ಪರ್ಮಿಟ್ ಕಾರ್ಡ್ ಜೊತೆಗಿರಲಿ. ಏಪ್ರಿಲ್ 8ಕ್ಕೆ ಬರಲು ಹೇಳಿ, ಕೇರಿಯ ಹುಡುಗರ ಬ್ಯಾಂಡ್ ಕೇಳಬಹುದು.